ದಿನಕ್ಕೊಂದು ಹೊಲಿಗೆ

ಜನವರಿ 9, ಬೆಳಿಗ್ಗೆ

ಮತ್ತೆ ಅದೇ. ಕುರ್ಚಿಯಿಂದ ಏಳುವುದು, ಕೂರುವುದು. ಹಿಂದೆ ನಿಂತು ಇವರ ಸೊಂಟದ ಬೆಲ್ಟ್ ಹಿಡಿದಿದ್ದೆ.

“ಅಮ್ಮಾ, ಬಿಡಿ. ಅವರೇ ಏಳ್ತಾರೆ,” ಎಂದರು ಫಿಸಿಯೋ ಮೇಡಂ.

ಬಿಡುವುದು ಹೇಗೆ? ಬಿದ್ದರೆ? ... ಎದ್ದರು.

ಆಮೇಲೆ ಅಂಗಿ ಗುಂಡಿ. ಸ್ಟ್ರೋಕ್ ಹೊಡೆದ ಬಲಗೈಯಲ್ಲೇ ಹಾಕಬೇಕಂತೆ. ಆಗಲಿಲ್ಲ. ಊರಿಗೆಲ್ಲ ಅಂಗಿ ಹೊಲಿದ ಕೈ ಅದು.

“ಗುಂಡಿ ಹಾಕೋಕಾಗದ ಟೈಲರ್‌ಗೆ ಮಷೀನ್ ಯಾಕೆ? ಮಾರಿಬಿಡು,” ಎಂದರು. ಸಿಟ್ಟೇ ಇರಲಿಲ್ಲ ದನಿಯಲ್ಲಿ. ಅದೇ ಭಯ ನನಗೆ.

ಜನವರಿ 10, ಮಧ್ಯಾಹ್ನ

ಗೋಡೆ ಕಡೆ ತಿರುಗಿ ಮಲಗಿದ್ದಾರೆ. ವ್ಯಾಯಾಮ ಬೇಡವಂತೆ. ಮಷೀನ್ ಹೋದರೆ ಇವರೂ... ಛೀ, ಬೇಡದ್ದೇ ತಲೆಗೆ ಬರುತ್ತದೆ.

ನಿದ್ದೆ ಹತ್ತಿದ ಮೇಲೆ ಅಂಗಿ ತೆಗೆದುಕೊಂಡೆ. ಗುಂಡಿ ತೂರಿಸುವ ಕಾಜಗಳನ್ನು ಬ್ಲೇಡಿನಿಂದ ಕೊಂಚ ಉದ್ದ ಮಾಡಿದೆ. ಅಂಚಿಗೆ ದಾರ ಸುತ್ತಿದೆ. ಅಂಗಡಿಯಲ್ಲಿ ಕಾಜ ಹಾಕುವುದು ಯಾವತ್ತೂ ನನ್ನದೇ ಕೆಲಸ. ಇವರಿಗೆ ಗೊತ್ತಾಗಲಿಕ್ಕಿಲ್ಲ.

ಜನವರಿ 12

ಹಾಕಿದರು! ಎಲ್ಲಾ ಗುಂಡಿ! “ನೋಡಿದ್ಯೇನೇ?” ಎಂದರು. ಅದೇ ಹುಮ್ಮಸ್ಸಿನಲ್ಲಿ ಕಿಟಕಿ ತನಕ ನಡೆದರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಖುಷಿಗೋ, ಹೆದರಿಕೆಗೋ.

ಜನವರಿ 16

ಅಂಗಿ ಬಿಚ್ಚುತ್ತಿದ್ದರು. ಎಡಗೈ ಹೆಬ್ಬೆರಳು ಕಾಜದ ಮೇಲೆ ನಿಂತಿತು. ಸವರಿತು.

“ದಾರ ಹೊಸದು ಕಣೇ.”

ಅಂಗಿ ತೆಗೆದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.

“ಕಾಜ ದೊಡ್ಡದು ಮಾಡಿ ನನ್ನನ್ನೇ ಚಿಕ್ಕೋನ್ ಮಾಡ್ಬಿಟ್ಟೆ.”

ಊಟ ಮಾಡಲಿಲ್ಲ. ನಾನೂ.

ಜನವರಿ 17

ಕಾಜದ ವಿಷಯ ಮೇಡಂಗೆ ನಾನೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ದೊಡ್ಡ ಕಾಜದಿಂದ ಶುರು ಮಾಡೋದೇ ಸರಿ, ಅಮ್ಮಾ. ಕದ್ದುಮುಚ್ಚಿ ಮಾಡಿದ್ದೊಂದೇ ತಪ್ಪು.”

ಇವರು ಅಂಗಿಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, “ಸೂಜಿ ತಾರೇ,” ಎಂದರು. “ದಿನಾ ಒಂದೊಂದು ಹೊಲಿಗೆ ಹಾಕಿ ಬಿಗಿ ಮಾಡು. ನನ್ನ ಕಣ್ಣೆದುರಿಗೇ.”

ಮುಖದಲ್ಲಿ ಹಳೇ ಟೈಲರ್ ಗತ್ತು.

ಫೆಬ್ರವರಿ 3, ಸಂಜೆ

ಕಾಜ ಇವತ್ತು ಮೊದಲಿನಷ್ಟೇ ಬಿಗಿ. ಇವರ ಹಣೆ ತುಂಬ ಬೆವರು. ಗುಂಡಿ ಅರ್ಧ ಹೋಗಿ ಸಿಕ್ಕಿಕೊಂಡಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಆ ಕಡೆ ತಿರುಗಿ ಏನಾದ್ರೂ ಗೀಚ್ತಾ ಕೂತ್ಕೋ ಮಾರಾಯ್ತಿ! ನೀನು ಉಸಿರು ಹಿಡ್ಕೊಂಡ್ರೆ ನಂಗೂ ಕಟ್ಟುತ್ತೆ.”

ಅದಕ್ಕೇ ಬರೆಯುತ್ತಿದ್ದೇನೆ. ತಿರುಗಿ ನೋಡುತ್ತಿಲ್ಲ. ಜಾರಿತು ಅನಿಸುತ್ತದೆ — ‘ಥೂ’ ಎಂದರು. ಮತ್ತೆ. ಕುರ್ಚಿ ಕಿರ್ ಎಂದಿತು... ಎದ್ದರೇ? ಬೆಲ್ಟ್ ಹಿಡಿಯಲು ಯಾರೂ ಇಲ್ಲ, ದೇವರೇ...

ಹೆಜ್ಜೆ ಸಪ್ಪಳ. ಮಷೀನ್ ಕಡೆ.

“ಲೇ, ಗುಂಡಿ ಆಯ್ತು. ಈ ಮಷೀನ್ ಮೇಲಿನ ಬಟ್ಟೆ ತೆಗಿಯೇ,” ಅಂತ —