ಬಲಪುಟದ ಸುಳ್ಳು

ಅಕ್ಕಾ,

ಮೊದಲು ಊಟ ಮಾಡು, ಆಮೇಲೆ ಓದು. ನೀನು ಹಾಗೆ ಮಾಡುವವಳಲ್ಲ, ಗೊತ್ತು. ಆದರೂ ಹೇಳಿದ್ದೇನೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ನಮ್ಮ ನೋಟ್‌ಬುಕ್ ಬಿಡಿಸುತ್ತಾರೆ. ಎಡಪುಟದಲ್ಲಿ ನೀನು ಬಡಿಸಿದ್ದು, ಬಲಪುಟದಲ್ಲಿ ನಾನು ಎಷ್ಟು ಸಲ ಕಕ್ಕಸಿಗೆ ಓಡಿದೆ ಎಂಬುದು. ನಾಲ್ಕು ತಿಂಗಳಿಂದ ಅಲ್ಲಿ ಒಂದೇ ಮಾತು: ಎರಡು ಸಲ, ನೋವಿಲ್ಲ. ಅದನ್ನು ನಂಬಿ, ಪಥ್ಯದಿಂದ ನನ್ನ ಕರುಳಿನ ಉರಿಯೂತ ಹತೋಟಿಗೆ ಬಂದಿದೆ ಎಂದು ಮಾತ್ರೆ ಕಡಿಮೆ ಮಾಡಲಿದ್ದಾರೆ. ಆ ಪುಟಗಳೆಲ್ಲ ಸುಳ್ಳು ಅಕ್ಕಾ.

ಮೊದಲ ವಾರ ನಿಜವನ್ನೇ ಬರೆದಿದ್ದೆ. ಏಳು ಸಲ, ರಕ್ತ. ಓದಿ ನೀನು, ಸಿಪ್ಪೆ ಹೆರೆದು ಬೇಯಿಸಿ ನುಣ್ಣಗೆ ಅರೆದಿಟ್ಟಿದ್ದ ಕ್ಯಾರೆಟ್ಟನ್ನು ತೊಟ್ಟಿಗೆ ಸುರಿದೆ. "ನನ್ನ ಕೈಯೇ ಸರಿಯಿಲ್ಲ ಕಣೋ" ಅಂದೆ. ಆ ದಿನವಿಡೀ ಏನೂ ಉಣ್ಣಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದ ಕೈ ಅದು. ಮಾರನೆಯ ದಿನ ಎರಡು ಎಂದು ಬರೆದೆ. ನೀನು ಎರಡು ತುತ್ತು ಹೆಚ್ಚಿಗೇ ಉಂಡೆ. ಅಲ್ಲಿಂದ ನನ್ನ ಪೆನ್ನು ಎರಡು ದಾಟಲಿಲ್ಲ.

"ಒಂದೊಂದೇ ಪದಾರ್ಥ ಸೇರಿಸಿ ನೋಡೋಣ, ಯಾವುದು ಆಗಲ್ಲ ಅಂತ ನೀವೇ ಹೇಳ್ಬೇಕು" ಎಂದಿದ್ದರು ಪಥ್ಯದ ಮೇಡಂ. ಮೊಟ್ಟೆ, ಆಲೂಗಡ್ಡೆ, ಹಾಲು, ಎಲ್ಲದಕ್ಕೂ ತಲೆಯಾಡಿಸಿದೆ. ನನಗಾಗಿ ನೀನೂ ಖಾರ ಬಿಟ್ಟೆ, ಭಾವನನ್ನೂ ಬಿಡಿಸಿದೆ. ಆ ಬಡಪಾಯಿ ನನ್ನ ಕ್ಷೌರದಂಗಡಿಗೆ ಬಂದು ಕದ್ದು ಖಾರದ ಕಡಲೆ ಮುಕ್ಕುತ್ತಾರೆ. ಬೈಯಬೇಡ.

ನಿನ್ನೆ ಒಬ್ಬ ಮೇಷ್ಟರ ಗಡ್ಡ ಬೋಳಿಸುತ್ತಿದ್ದೆ. ಕತ್ತಿ ಗಂಟಲ ಮೇಲಿದ್ದಾಗ ಹೊಟ್ಟೆ ಹಿಂಡಿ ಕೈ ಜಾರಿತು. ಒಂದು ಗೆರೆ ಕೆಂಪಾಯಿತು. ಅರ್ಧ ನೊರೆಯಲ್ಲೇ ಅವರನ್ನು ಕೂರಿಸಿ ಓಡಿದೆ. ವಾಪಸ್ ಬಂದಾಗ, "ನಿಧಾನಕ್ಕೆ ಮಾಡಪ್ಪಾ, ನಂಗೇನೂ ಅವಸರ ಇಲ್ಲ" ಅಂದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇವತ್ತು ಕತ್ತಿ ಮುಟ್ಟಿಲ್ಲ.

ಅಂಗಡಿಯ ಕ್ಯಾಲೆಂಡರ್ ಕಳಿಸುತ್ತಿದ್ದೇನೆ. ಗಿರಾಕಿಯನ್ನು ಬಿಟ್ಟು ಎದ್ದಾಗಲೆಲ್ಲ ಅದರಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ಅದೇನು ನಿನ್ನ ಹಾಗೆ ನನ್ನಿಂದಾಗಿ ಊಟ ಬಿಡುತ್ತದೆಯೇ? ಊಟದ ಚೀಲದಲ್ಲಿ ಬರುವ ನೋಟ್‌ಬುಕ್ಕಿನ ಪಕ್ಕ ಇಟ್ಟು ಇವತ್ತು ನೋಡಿದೆ. ಹಾಲಿನ ದಿನಗಳಲ್ಲಿ ಚುಕ್ಕೆಗೆ ಜಾಗವೇ ಇಲ್ಲ. ಅನ್ನ, ಮೊಟ್ಟೆಯ ದಿನ ಮೂರೋ ನಾಲ್ಕೋ. ನಿನ್ನ ಕೈ ಸರಿಯಾಗಿಯೇ ಇತ್ತು, ನಾನೇ ಅದನ್ನು ಕುರುಡು ಮಾಡಿದೆ. ನಾಳೆಯಿಂದ ಹಾಲು ಕಾಸಬೇಡ.

ಇದನ್ನೆಲ್ಲ ನಿನ್ನ ಮುಖ ನೋಡಿ ಹೇಳಲಾರೆ, ಅದಕ್ಕೇ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾತ್ರೆಯ ವಿಷಯ ತೀರ್ಮಾನಿಸುವ ಮೊದಲು ಡಾಕ್ಟರು ಕ್ಯಾಲೆಂಡರ್ ನೋಡಲಿ.

ಇವತ್ತಿನ ಬಲಪುಟ ತುಂಬಿದ್ದೇನೆ: ಆರು ಸಲ, ಅದರಲ್ಲಿ ಎರಡು ಸಲ ರಕ್ತ. ನೀನು ಕಳಿಸಿದ ಊಟದ ಡಬ್ಬಿ ಖಾಲಿ ಮಾಡಿದ್ದೇನೆ. ಈಗ ನಿನ್ನ ಸರದಿ. ನೀನು ಉಂಡೆಯೋ ಇಲ್ಲವೋ ಎಂದು ಭಾವ ನಿನ್ನೆದುರು ಕೂತು ನೋಡಿ, ಬಂದು ನನಗೆ ಹೇಳುತ್ತಾರೆ. ಇದನ್ನು ಓದಿಯೂ ನೀನು ಉಂಡರೆ, ನಾಳೆಯೂ ನಿಜ ಬರೆಯುವ ಧೈರ್ಯ ನನಗೆ ಬರುತ್ತದೆ.

ನಿನ್ನ ಹೊಟ್ಟೆ ತಣ್ಣಗಿರಲಿ.

ಕಾಯುತ್ತಿರುವ,
ನಿನ್ನ ತಮ್ಮ