ಪಾಠದ ಜ್ವರ

ಗದಗ, ೧೧ ಜೂನ್ ೨೧೪೩

ನನಗಿಂತ ನೂರು ವರ್ಷಕ್ಕೂ ಹಿಂದೆ ಬದುಕುತ್ತಿರುವವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ಕೇಳಿರದ ಒಂದೆರಡು ಪದಗಳು ಈ ಕಾಗದದಲ್ಲಿವೆ. ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ವಸುಂಧರಾ. ಇಲ್ಲಿಯ ಗುರುತುಸೂಜಿ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಲಸಿಕೆ ತಯಾರಿಸುತ್ತೇನೆ.

ಕ್ಯಾನ್ಸರ್ ಗಡ್ಡೆಯ ಒಂದು ಚೂರು ತೆಗೆದು, ಅದಕ್ಕೆ ಮಾತ್ರ ಇರುವ ಚಹರೆಯನ್ನು ಪತ್ತೆಹಚ್ಚಿ, ಆ ಚಹರೆಯನ್ನು ರೋಗಿಯ ರಕ್ತದ ಕಾವಲು ಕಣಗಳಿಗೆ ಕಲಿಸುವ ಲಸಿಕೆಗೆ ನಾವು ಗುರುತುಸೂಜಿ ಎನ್ನುತ್ತೇವೆ. ಒಬ್ಬರದು ಇನ್ನೊಬ್ಬರಿಗೆ ನಡೆಯುವುದಿಲ್ಲ. ಚೂರು ಕೊಟ್ಟವರು ಮರುವಾರ ಬಂದು ತೋಳಿಗೆ ಹಾಕಿಸಿಕೊಂಡು, ಹಾಗೆಯೇ ಸಂತೆ ಮುಗಿಸಿ ಮನೆಗೆ ಹೋಗುತ್ತಾರೆ. ಎರಡನೆಯ ದಿನ ಜ್ವರ ಬರುತ್ತದೆ. ಮೈ ಕಲಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ, ಹಾಗಾಗಿ ಅದಕ್ಕೆ ಪಾಠದ ಜ್ವರವೆಂದು ಹೆಸರು. ಜ್ವರ ಬಂದ ಮನೆಗೆ ಓಣಿಯವರು ಸಿಹಿ ಸಜ್ಜಕ ಮಾಡಿ ತರುತ್ತಾರೆ. ಈ ರೋಗದಿಂದ ಸತ್ತವರನ್ನು ಕಂಡವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

ನನ್ನ ಗಂಡ ವೀರಭದ್ರಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಅವರ ಮೇದೋಜೀರಕದಲ್ಲಿ ಗಡ್ಡೆ ಕಾಣಿಸಿತು. ನಾನು ಹೆದರಲಿಲ್ಲ. ಅವರ ಸೂಜಿಯನ್ನು ನಾನೇ ತಯಾರಿಸಿದೆ. ಜ್ವರ ಬರಲಿಲ್ಲ. ಬದಲಿಸಿ ಮತ್ತೊಂದು ಮಾಡಿದೆ, ಮೂರನೆಯದನ್ನೂ ಮಾಡಿದೆ. ಬರಲಿಲ್ಲ. ಸಾವಿರಕ್ಕೆ ಮೂವರಿಗೆ ಹೀಗಾಗುತ್ತದೆಂದು ತರಬೇತಿಗೆ ಬಂದವರಿಗೆ ನಾನು ಪ್ರತಿವರ್ಷ ಹೇಳಿಕೊಟ್ಟಿದ್ದೇನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಸಾಕು ವಸುಂಧರಾ. ನನ್ನ ಮೈ ಕಲಿಯೂದಿಲ್ಲ. ಅಣ್ಣಿಗೇರಿಗೆ ಹೋಗಿ ಅಕ್ಕನ ಮನ್ಯಾಗ ನಾಕು ದಿನ ಇರೂಣು."

"ಇನ್ನೊಂದು ಸಲ ರೀ. ಇದೊಂದ."

ಅವರು ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. "ಆತು. ನಿನ್ನ ಸಮಾಧಾನಕ್ಕ ಹಾಕು."

ನಾಲ್ಕನೆಯದನ್ನು ಹಾಕಿದೆ. ಎರಡನೆಯ ದಿನ ಜ್ವರ ಬಂತು. ಓಣಿಯೆಲ್ಲ ಸಜ್ಜಕದ ಡಬ್ಬಿ ಹಿಡಿದು ಬಂತು. ನಾನು ಅವರ ರಕ್ತ ತೆಗೆದುಕೊಂಡು ಕೇಂದ್ರಕ್ಕೆ ಓಡಿ ಪರೀಕ್ಷೆ ಮಾಡಿದೆ. ಕಾವಲು ಕಣಗಳು ಏನನ್ನೂ ಕಲಿತಿರಲಿಲ್ಲ. ಅದು ರೋಗದ ಜ್ವರವಾಗಿತ್ತು.

ಮನೆಗೆ ಬಂದು ಹೇಳಿದಾಗ ಜನ ಬಾಗಿಲಲ್ಲೇ ನಿಂತರು. ಒಳಗೆ ಬರಬೇಕೋ ಹೋಗಬೇಕೋ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ತಾಸಿಗೊಮ್ಮೆ ಜ್ವರ ಅಳೆದು ಹಾಳೆಯಲ್ಲಿ ಬರೆಯುತ್ತಾ ಹೋದೆ. ಮೂರನೆಯ ದಿನ ಅಣ್ಣಿಗೇರಿಯಿಂದ ಅವರ ಅಕ್ಕ ಶಂಕ್ರವ್ವ ಬಂದರು. ಎಂಬತ್ತರ ಮುದುಕಿ. ಯಾರನ್ನೂ ಏನನ್ನೂ ಕೇಳದೆ ಹಾಸಿಗೆಯ ತುದಿಯಲ್ಲಿ ಕುಳಿತು, ತಮ್ಮನ ಪಾದಗಳನ್ನು ಮಡಿಲಿಗೆ ತೆಗೆದುಕೊಂಡರು.

"ಅಳತಿ ಸಾಕವ್ವಾ," ಎಂದರು ನನಗೆ. "ಕೈ ಹಿಡ್ಕೊ ಬಾ."

ಹಿಡಿದುಕೊಂಡೆ. ಎಷ್ಟು ಬಿಗಿಯಾಗಿ ಹಿಡಿಯಬೇಕು, ಮಾತಾಡಬೇಕೋ ಬೇಡವೋ ಗೊತ್ತಾಗಲಿಲ್ಲ. ಆಗಲೇ ನನ್ನ ಗಂಡನಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ತೀರಿಹೋದರು.

ಹದಿಮೂರು ದಿನ ಕಳೆದು ಕೆಲಸಕ್ಕೆ ಹೋದೆ. ಆ ವಾರ ಹದಿನಾಲ್ಕು ಸೂಜಿ ತಯಾರಿಸಿದೆ, ಹದಿನಾಲ್ಕೂ ನಾಟಿದವು, ಎಲ್ಲರ ಮೈಯೂ ಪಾಠ ಕಲಿಯಿತು. ಸಂತೋಷವಾಗಬೇಕಿತ್ತು. ಉಣ್ಣುತ್ತೇನೆ, ಉಪ್ಪು ಹೆಚ್ಚಾದರೆ ತಿಳಿಯುತ್ತದೆ. ಅಳು ಬಂದಿಲ್ಲ. ಅಣ್ಣಿಗೇರಿ ಇಲ್ಲಿಂದ ಅರ್ಧ ತಾಸಿನ ದಾರಿ. ಅಲ್ಲಿ ಕಳೆಯಬಹುದಾಗಿದ್ದ ನಾಲ್ಕು ದಿನಗಳನ್ನು ನಾನು ಅವರಿಂದ ಕಿತ್ತುಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಈ ಲಸಿಕೆಯನ್ನು ನೀವು ನಮಗಾಗಿ ಬಿಟ್ಟುಹೋಗುತ್ತೀರಿ. ಅದರ ಜೊತೆಗೆ ಇನ್ನೊಂದನ್ನೂ ಬರೆದಿಡಿ. ಗುಣವಾಗದವರ ಪಕ್ಕದಲ್ಲಿ ನೀವು ಹೇಗೆ ಕೂರುತ್ತೀರಿ? ಯಾವಾಗ ಮಾತಾಡುತ್ತೀರಿ, ಯಾವಾಗ ಸುಮ್ಮನಿರುತ್ತೀರಿ? ಅವರು ಸಾಕು ಎಂದಾಗ ಅದನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ? ನಿಮ್ಮಲ್ಲಿ ಇದು ಮನೆಮನೆಗೂ ಗೊತ್ತಿರುವ ಸಂಗತಿ, ಬರೆದಿಡುವಂಥದ್ದು ಏನಿದೆ ಎನ್ನಿಸಬಹುದು. ಆದರೂ ಬರೆಯಿರಿ. ಬರುವ ಸೋಮವಾರ ನನ್ನಲ್ಲಿಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಆಕೆಯ ಗಂಡನಿಗೂ ಸೂಜಿ ನಾಟಿಲ್ಲ. ಆಕೆಗೆ ನಾನು ಏನಾದರೂ ಹೇಳಬೇಕು.