ಬಿಡಿಬಿಡಿಯಾದ ಹೆಸರು

ರೂವಿ, ಮಸ್ಕತ್
೬ ನವೆಂಬರ್ ೨೦೨೪, ಬುಧವಾರ

ಸುಕೇಶಣ್ಣನಿಗೆ,

ಪ್ರೀತಿಯ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ. ಸೊಂಟನೋವು ಕಡಿಮೆಯಾಯಿತೇ? ಹರಿಣಾಕ್ಷಿ ಅತ್ತಿಗೆಯ ಉಬ್ಬಸ ಹೇಗಿದೆ? ಕೇಳುವುದು ಕ್ರಮ, ಕೇಳಿದ್ದೇನೆ. ನೀನು ನನ್ನ ಫೋನ್ ತೆಗೆಯುವುದಿಲ್ಲ. ಹಾಗಾಗಿ ನೀನಿರುವ ಬುರೈಮಿಗೆ ಹೊರಟಿರುವ ಪಕ್ಕದಂಗಡಿಯ ಅವಿಲ್ ಕೈಯಲ್ಲಿ ಈ ಕಾಗದ.

ನಿನ್ನೆ ಅಮ್ಮ ಊರಿನಿಂದ ಫೋನ್ ಮಾಡಿ ಅತ್ತರು. "ಒಡಹುಟ್ಟಿದವನ ಅನ್ನಕ್ಕೆ ಮಣ್ಣು ಹಾಕಿದಿಯಲ್ಲ ಮಗಾ" ಎಂದರು. ನಾನು ಬೇಕೆಂದೇ ಕೆಡಿಸಿದ ಪ್ರೋಗ್ರಾಮನ್ನು ನಿನಗೆ ಕೊಟ್ಟೆನಂತೆ. ಕೊಟ್ಟವರು ಯಾರು? ನಾನು ಊಟಕ್ಕೆ ಹೋದಾಗ ನನ್ನ ಅಂಗಡಿಯ ಹಳೆಯ ಮ್ಯಾಕ್‌ನಿಂದ ಪೆನ್‌ಡ್ರೈವ್‌ಗೆ ಎಳೆದುಕೊಂಡವನು ನೀನು. ಹಿತ್ತಾಳೆ ಫಲಕ ಕೊರೆಯುವ ಯಂತ್ರಕ್ಕೆ ಅಕ್ಷರ ಕಳಿಸುವ ಆ ಪ್ರೋಗ್ರಾಮು, ಆ ಸ್ಕ್ರಿಪ್ಟ್, ನಾನು ಬರೆದದ್ದು. ಅರಬ್ಬಿ ಅಕ್ಷರಗಳನ್ನು ಬಲದಿಂದ ಎಡಕ್ಕೆ ಜೋಡಿಸಿ ಬೆಸೆಯುವ ಕೋಡು, ಅಂದರೆ ಲೈಬ್ರರಿ, ಮೊದಲು ಬೇರೆ ಫೈಲಿನಲ್ಲಿತ್ತು. ಅದು ಸಿಗದಾಗಲೆಲ್ಲ ಕೆಲಸ ನಿಲ್ಲುತ್ತಿತ್ತೆಂದು ಆ ಕೋಡನ್ನು ರಿಸೋರ್ಸ್ ಎಂಬ ಅಡಕವಾಗಿ ಮಾಡಿ ಸ್ಕ್ರಿಪ್ಟ್ ಫೈಲಿನ ಒಳಗೇ ಸೇರಿಸಿದ್ದೆ. ಆ ಹಳೆಯ ಮ್ಯಾಕ್‌ನಲ್ಲಿ ಒಂದೇ ಫೈಲಿಗೆ ಎರಡು ಭಾಗ. ರಿಸೋರ್ಸ್ ಕೂರುವುದು ಎರಡನೆಯದರಲ್ಲಿ. ನಿನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಆ ಭಾಗ ಇದೆಯೆಂದೇ ತಿಳಿಯದು. ನೀನು ಅದರ ಮೂಲಕ ಸಾಗಿಸಿದೆ; ನಿನ್ನ ಬುರೈಮಿ ಅಂಗಡಿಯ ಮ್ಯಾಕ್‌ಗೆ ತಲುಪಿದ್ದು ಬರೀ ಸಿಪ್ಪೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಲೈಬ್ರರಿ ಇಲ್ಲವೆಂದು ಕಂಪ್ಯೂಟರ್ ಹೇಳಿದಾಗ ನೀನು ಲೈಬ್ರರಿಯನ್ನು ಕರೆಯುವ ಸಾಲುಗಳನ್ನೇ ಅಳಿಸಿ ಅದರ ಬಾಯಿ ಮುಚ್ಚಿಸಿದೆ. ಹೀಗೆ ತಿದ್ದಿದ ಫೈಲನ್ನು ನಿನ್ನ ಆಪರೇಟರ್ ಮುಹಿಯುದ್ದೀನೇ ನನಗೆ ಕಳಿಸಿದ. ಆಮೇಲೆ ನೀನು ನಿನ್ನ ಗಿರಾಕಿ ಅಹ್ಮದ್ ಅವರ ಫಲಕ ಕೊರೆದೆ. ತೀರಿಹೋದ ತಾಯಿಯ ಹೆಸರಲ್ಲಿ, ದಾರಿಹೋಕರಿಗೆಂದು ಅವರು ಕಟ್ಟಿಸಿದ ಕುಡಿಯುವ ನೀರಿನ ಕಟ್ಟೆಗೆ. ಬಟ್ಟೆ ಸರಿಸಿದಾಗ ಆ ತಾಯಿಯ ಹೆಸರು ಹಿಂದುಮುಂದಾಗಿ, ಬಿಡಿಬಿಡಿಯಾಗಿ ನಿಂತಿತ್ತು. ಅರಬ್ಬಿ ಓದಲು ಬಾರದ ನೀನು ಮೊದಲೇ ಯಾರಿಗಾದರೂ ತೋರಿಸಬಾರದಿತ್ತೇ? ಅಲ್ಲಿ ನೆರೆದ ಬಂಧುಗಳೆದುರೇ ಹೇಳಿದೆಯಂತೆ, "ತಂಗಿ ಹೊಟ್ಟೆಕಿಚ್ಚಿಗೆ ಮಾಡಿದ್ದು, ನನ್ನದೇನೂ ಇಲ್ಲ."

ಅಹ್ಮದ್ ನನ್ನನ್ನು ಹುಡುಕಿಕೊಂಡು ರೂವಿಗೇ ಬಂದರು, ಬೈಯಲು. ಕೂರಿಸಿ ಚಹಾ ಕೊಟ್ಟು, ನಿನ್ನ ಫೈಲನ್ನೂ ನನ್ನದನ್ನೂ ತೆರೆದು ತೋರಿಸಿದೆ. ಎರಡನ್ನೂ ನೋಡಿ, ತಾಯಿಯ ಹೆಸರನ್ನು ತಾವೇ ಬರೆದುಕೊಟ್ಟರು. ಹೊಸ ಫಲಕ ಕೊರೆದಿದ್ದೇನೆ.

ಅಮ್ಮನಿಗೆ ನೀನೇ ಫೋನ್ ಮಾಡಿ ನಿಜ ಹೇಳು. ನಾನು ಹೇಳಿದರೆ ನಂಬುವುದಿಲ್ಲ. ಮಗನ ಮಾತೇ ಅವರಿಗೆ ವೇದ. ಸರಿಯಾದ ಸ್ಕ್ರಿಪ್ಟ್ ನಿನಗೆ ಸಿಗುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತಬೇಡ.

ಅತ್ತಿಗೆಗೆ ನಮಸ್ಕಾರ. ನಿಮ್ಮ ಮಗು ಹರ್ಷಿತ್‌ಗೆ ಮುತ್ತು. ನಿನ್ನ ಪಾಲಿಗೆ ಏನೂ ಇಲ್ಲ.

ಅಕ್ಷಿತಾ

ತಾ.ಕ.: ಅಹ್ಮದ್ ಈಗಷ್ಟೇ ಬಂದು ಫಲಕ ಒಯ್ದರು. ಶುಕ್ರವಾರ ಜುಮ್ಮಾ ನಮಾಜಿನ ನಂತರ ಕೂರಿಸುತ್ತಾರೆ. ಹಳೆಯದನ್ನು ಬಂಧುಗಳೆಲ್ಲರ ಎದುರು ನೀನೇ ಬಿಚ್ಚಿ ತೆಗೆಯಬೇಕಂತೆ. ಹೋಗುವಾಗ ಬಾಗಿಲಲ್ಲಿ ನಿಂತು, "ನಿನ್ನ ಅಣ್ಣನಲ್ಲವೇ, ಬಿಟ್ಟುಬಿಡಲೇ?" ಎಂದು ನನ್ನನ್ನು ಕೇಳಿದರು. ಬಿಡಬೇಡಿ ಎಂದೆ.